ಚೌಳು ನೆಲಕ್ಕೆ ಮರ: ಲೋಟದ ಪರೀಕ್ಷೆಯಿಂದ ರಾಗಿ ಬಿತ್ತುವವರೆಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಕೆರೆ ಕೆಳಗಿನ ಬಯಲಿಗೆ ಬೇಸಿಗೆಯಲ್ಲಿ ಒಮ್ಮೆ ಹೋಗಿ ನೋಡಿ. ಅಚ್ಚುಕಟ್ಟಿನ ಕೊನೆಯ ತಗ್ಗಿನಲ್ಲಿ ಎಲ್ಲೋ ಒಂದು ಕಡೆ ಹತ್ತು ಗುಂಟೆಯೋ, ಅರ್ಧ ಎಕರೆಯೋ ಬಿಳಿಚಿಕೊಂಡು ಬಿದ್ದಿರುತ್ತದೆ. ಮೇಲ್ಮಣ್ಣು ಹಪ್ಪಳದ ಹಾಗೆ ಎದ್ದಿರುತ್ತದೆ. ಮಳೆ ಬಂದರೆ ಅದೇ ಜಾಗ ಕಾಲಿಟ್ಟರೆ ಜಾರುವ ಕೆಸರು. ಅಲ್ಲಲ್ಲಿ ಗರಿಕೆ, ಬದುವಿನ ಮೇಲೆ ಬಳ್ಳಾರಿ ಜಾಲಿ, ಅಷ್ಟೇ. ಇದೇ ಚೌಳು ನೆಲ, ಉಪ್ಪು ಇಲ್ಲವೇ ಕ್ಷಾರ ಸೇರಿ ಕೆಟ್ಟ ನೆಲ. ಹಿಂದೆ ಮಡಿವಾಳರು ಬಟ್ಟೆ ಒಗೆಯಲು ಇಂಥ ಕಡೆಯಿಂದಲೇ ಚೌಳು ಮಣ್ಣು ಕೆರೆದು ಒಯ್ಯುತ್ತಿದ್ದರು.

ಇದನ್ನು ಸರಿಮಾಡಲು ಹಳೆಯ ದಾರಿಯೊಂದಿದೆ. ಹೊಲಕ್ಕೆಲ್ಲ ಜಿಪ್ಸಂ (ಕ್ಯಾಲ್ಸಿಯಂ ಇರುವ ಖನಿಜದ ಪುಡಿ) ಹರಡಿ, ನೀರು ಕಟ್ಟಿ, ಉಪ್ಪು ತೊಳೆದು, ಭತ್ತ ಬೆಳೆಯುವುದು. ಪಂಜಾಬ್, ಹರಿಯಾಣದ ಕಡೆ ಹೀಗೆ ಮಾಡಿ ಗೆದ್ದರು. ಅಲ್ಲಿ ತೊಳೆಯುವಷ್ಟು ನೀರಿತ್ತು. ನಮ್ಮಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಕುಡಿಯೋಕೇ ಟ್ಯಾಂಕರ್ ಕಾಯುವ ಊರುಗಳಿವೆ. ಹಾಗಾಗಿ ನಮಗೆ ಹೊಂದುವ ದಾರಿ ಮರ. ನಿಧಾನ, ಆದರೆ ಬೀಳುವ ಮಳೆಯಲ್ಲೇ ಆಗುವ ಕೆಲಸ.

ಮರ ಉಪ್ಪನ್ನೆಲ್ಲ ಹೀರಿಕೊಂಡು ನೆಲ ಸಿಹಿ ಮಾಡುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೆ ಹೀರುವುದು ಬಹಳ ಕಡಿಮೆ. ಮರ ಮಾಡುವುದು ಬೇರೆ ಕೆಲಸ, ನೀರು ಕೆಳಗಿಳಿಯಲು ದಾರಿ ಮಾಡಿಕೊಡುತ್ತದೆ. ನಮ್ಮ ಕಡೆಯ ಕಲ್ಲು ಸವೆದು ಮಣ್ಣಾಗುವಾಗ ಅದರಿಂದ ಸೋಡಿಯಂ ಬಿಡುಗಡೆಯಾಗುತ್ತದೆ. ಅದು ನೀರಿನ ಜೊತೆ ಹರಿದು ತಗ್ಗಿಗೆ ಬರುತ್ತದೆ. ನೀರು ಆವಿಯಾಗುತ್ತದೆ, ಸೋಡಿಯಂ ಉಳಿಯುತ್ತದೆ. ಜಾಸ್ತಿ ಸೋಡಿಯಂ ಹಿಡಿದ ಜೇಡಿ ಕಣಗಳು ನೀರು ಬಿದ್ದ ಕೂಡಲೇ ಬಿಡಿಬಿಡಿಯಾಗಿ ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಆಮೇಲೆ ನೀರೂ ಇಳಿಯಲ್ಲ, ಗಾಳಿಯೂ ಆಡಲ್ಲ. ಬೇರು ಇಳಿದ ಕಡೆ ಈ ಬಿಗಿ ಸಡಿಲವಾಗುತ್ತದೆ. ಬೇರು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ ಸೌಮ್ಯ ಆಮ್ಲವಾಗುತ್ತದೆ. ಅದು ಮಣ್ಣಿನಲ್ಲೇ ಇರುವ ಸುಣ್ಣದ ಹರಳನ್ನು ಕರಗಿಸುತ್ತದೆ. ಕರಗಿ ಬಂದ ಕ್ಯಾಲ್ಸಿಯಂ ಸೋಡಿಯಂ ಅನ್ನು ಜೇಡಿಯಿಂದ ಬಿಡಿಸುತ್ತದೆ, ಮಳೆ ನೀರು ಅದನ್ನು ಆಳಕ್ಕೆ ಒಯ್ಯುತ್ತದೆ. ಮೇಲೆ ನೆರಳು ಬಿದ್ದರೆ ಆವಿಯಾಗುವುದು ಕಡಿಮೆ, ಉಪ್ಪು ಮತ್ತೆ ಮೇಲೇರುವುದೂ ಕಡಿಮೆ.

ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿವೆ. ಯಾವ ಕೆಲಸಕ್ಕೆ ಕೈ ಹಾಕುವ ಮುಂಚೆಯೂ ಇದರಿಂದ ನೀರು ಕೆಳಗಿಳಿಯುತ್ತದಾ ಅಂತ ಕೇಳಿಕೊಳ್ಳಿ.

ಹಂತ 1: ಉಪ್ಪೋ, ಕ್ಷಾರವೋ ತಿಳಿಯಿರಿ

ಎರಡೂ ಬಿಳಿ ಕಾಣುತ್ತವೆ, ಔಷಧ ಬೇರೆ ಬೇರೆ. ಉಪ್ಪು ಮಣ್ಣು ಒಣಗಿದಾಗ ಹಿಟ್ಟಿನಷ್ಟು ಸಡಿಲ, ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ. ಸೋಡಿಯಂ ಹಿಡಿದ ಕ್ಷಾರ ಮಣ್ಣು ಒಣಗಿದರೆ ಇಟ್ಟಿಗೆಯಷ್ಟು ಗಟ್ಟಿ. ಅದರಲ್ಲಿ ಕೆಲವು ಕಡೆ ಎಣ್ಣೆ ಚೆಲ್ಲಿದಂಥ ಕಪ್ಪು ಕಲೆ ಇರುತ್ತದೆ. ಮಣ್ಣಿನ ಸಾರವೇ ಕ್ಷಾರಕ್ಕೆ ಕರಗಿ ಮೇಲೆ ಬಂದಿರುವುದರ ಗುರುತು ಅದು.

ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಒಂದು ಗಾಜಿನ ಲೋಟದಲ್ಲಿ ಮಳೆ ನೀರು ತೆಗೆದುಕೊಳ್ಳಿ. ಇಲ್ಲದಿದ್ದರೆ ಫಿಲ್ಟರ್ ನೀರು ನಡೆಯುತ್ತದೆ, ಬೋರ್ ನೀರು ಬೇಡ. ಬಟಾಣಿ ಗಾತ್ರದ ಒಣ ಹೆಂಟೆಯನ್ನು ಮೆಲ್ಲಗೆ ಒಳಗೆ ಬಿಡಿ. ಕಲಕಬೇಡಿ, ಲೋಟ ಅಲ್ಲಾಡಿಸಬೇಡಿ. ಎರಡು ಗಂಟೆ ಬಿಟ್ಟು ಬಂದು ನೋಡಿ. ಒಳ್ಳೆಯ ಮಣ್ಣಾದರೆ ಹೆಂಟೆ ಕುಸಿದು ಕೂತಿರುತ್ತದೆ, ನೀರು ತಿಳಿಯಾಗಿರುತ್ತದೆ. ಕ್ಷಾರವಿದ್ದರೆ ಹೆಂಟೆಯ ಸುತ್ತ ಹಾಲಿನಂಥ ಮಸುಕು ಹಬ್ಬಿರುತ್ತದೆ. ಜಾಸ್ತಿ ಇದ್ದರೆ ಮಾರನೇ ದಿನ ಬೆಳಿಗ್ಗೆಯೂ ನೀರು ತಿಳಿಯಾಗಲ್ಲ.

ಎರಡನೆಯದು ಅರಿಸಿನ. ಅರಿಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಎಲ್ಲರಿಗೂ ಗೊತ್ತು. ಬಿಳಿ ಕಾಗದದ ಮೇಲೆ ಅರಿಸಿನ ಕಲಸಿ ತೆಳ್ಳಗೆ ಬಳಿದು ಒಣಗಿಸಿ. ಒಂದು ಹಿಡಿ ಮಣ್ಣನ್ನು ಒಂದು ಲೋಟ ಮಳೆ ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಆ ನೀರಿನ ಒಂದು ಹನಿ ಹಾಕಿ. ಕೆಂಪಿಗೆ ತಿರುಗಿದರೆ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಎಂಟೂವರೆ ದಾಟಿದೆ ಅಂತ ಲೆಕ್ಕ.

ಇದು ಅಂದಾಜಿಗೆ. ಲ್ಯಾಬ್ ಪರೀಕ್ಷೆ ಮಾಡಿಸಲೇಬೇಕು. ಕೋಲಾರದವರಿಗೆ ತಮಕದಲ್ಲಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರಿನಲ್ಲಿ, ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಪಿಎಚ್, ಇ.ಸಿ. (ಕರಗಿದ ಉಪ್ಪಿನ ಅಳತೆ) ಜೊತೆಗೆ ವಿನಿಮಯ ಸೋಡಿಯಂ (ಜೇಡಿ ಕಣ ಹಿಡಿದಿಟ್ಟ ಸೋಡಿಯಂ) ಎಷ್ಟು, ಜಿಪ್ಸಂ ಎಷ್ಟು ಬೇಕು ಅಂತಲೂ ಕೇಳಿ. ಮೇಲಿನ ಅರ್ಧ ಅಡಿ, ಒಂದು ಅಡಿ, ಎರಡು ಅಡಿ, ಮೂರು ಅಡಿ ಆಳದ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಕೊಡಿ. ಮೇಲಿನ ಮಣ್ಣನ್ನಷ್ಟೇ ಕೊಟ್ಟರೆ ಮರದ ಬೇರಿಗೆ ಬೇಕಾದ ಉತ್ತರ ಸಿಗಲ್ಲ.

ಪುಸ್ತಕದ ಲೆಕ್ಕ ಹೀಗಿದೆ. ಇ.ಸಿ. ಮೀಟರಿಗೆ 4 ಡೆಸಿ ಸೀಮನ್ಸ್ ದಾಟಿ, ಪಿಎಚ್ 8.5ರ ಒಳಗಿದ್ದರೆ ಉಪ್ಪು ಮಣ್ಣು. ಪಿಎಚ್ 8.5 ದಾಟಿ, ವಿನಿಮಯ ಸೋಡಿಯಂ ಶೇಕಡಾ 15ಕ್ಕಿಂತ ಜಾಸ್ತಿ ಇದ್ದರೆ ಕ್ಷಾರ ಮಣ್ಣು. ಆದರೆ ಆ 4 ಅನ್ನುವುದು ಮಣ್ಣನ್ನು ಮುದ್ದೆ ಮಾಡಿ ಹಿಂಡಿದ ರಸದ ಲೆಕ್ಕ. ನಮ್ಮ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಮಣ್ಣಿಗೆ ಎರಡೂವರೆ ಪಟ್ಟು ನೀರು ಸೇರಿಸಿ ಅಳೆಯುತ್ತಾರೆ, ಅಂಕಿ ಕಡಿಮೆ ಬರುತ್ತದೆ. ಯಾವ ವಿಧಾನ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಎರಡೂ ಸೇರಿರುವ ಮಣ್ಣು ಮೋಸ ಮಾಡುತ್ತದೆ. ಉಪ್ಪು ಇರುವ ತನಕ ಜೇಡಿ ಒಟ್ಟಿಗೆ ನಿಂತಿರುತ್ತದೆ, ಲೋಟದ ನೀರು ತಿಳಿಯಾಗೇ ಕಾಣುತ್ತದೆ. ಜಿಪ್ಸಂ ಹಾಕದೆ ಒಳ್ಳೆಯ ನೀರಿನಿಂದ ಉಪ್ಪು ತೊಳೆದುಬಿಟ್ಟರೆ ಸೋಡಿಯಂ ಉಳಿದು ನೆಲ ಮೊದಲಿಗಿಂತ ಬಿಗಿಯಾಗುತ್ತದೆ. ಇಂಥ ಕಡೆ ಜಿಪ್ಸಂ ಮೊದಲು, ತೊಳೆಯುವುದು ಆಮೇಲೆ.

ಹಂತ 2: ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ

ಮಣ್ಣಿನ ಜೊತೆ ಬೋರ್ ನೀರನ್ನೂ ಪರೀಕ್ಷೆಗೆ ಕೊಡಿ. ಎಷ್ಟೋ ಹೊಲ ಕೆಟ್ಟಿರುವುದೇ ಆ ನೀರಿನಿಂದ. ಆಳದ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಅದು ಮಣ್ಣಿನ ಕ್ಯಾಲ್ಸಿಯಂ ಅನ್ನು ಸುಣ್ಣದ ಹರಳಾಗಿ ಕೂರಿಸಿ, ಸೋಡಿಯಂಗೆ ಜಾಗ ಬಿಟ್ಟುಕೊಡುತ್ತದೆ. ವರದಿಯಲ್ಲಿ ಶೇಷ ಸೋಡಿಯಂ ಕಾರ್ಬೊನೇಟ್ ಅಂತ ಒಂದು ಅಂಕಿ ಇರುತ್ತದೆ. ಅದು 2.5 ದಾಟಿದ್ದರೆ ಆ ನೀರನ್ನು ನೇರವಾಗಿ ಕೊಡಬೇಡಿ. ತೊಟ್ಟಿಯಲ್ಲಿ ಜಿಪ್ಸಂ ಹೆಂಟೆ ತುಂಬಿ, ನೀರು ಅದರ ಮೂಲಕ ಹಾದು ಹೊಲಕ್ಕೆ ಹೋಗುವ ಹಾಗೆ ಮಾಡಿ.

ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ಚಿಕ್ಕಬಳ್ಳಾಪುರಕ್ಕೆ ಅದೇ ಥರ ಎಚ್.ಎನ್. ವ್ಯಾಲಿ ನೀರು. ಕೆರೆ ತುಂಬಿದೆ ಅಂತ ಎಲ್ಲರಿಗೂ ಖುಷಿ. ಆದರೆ ಕೆರೆಗೆ ಹೊಂದಿಕೊಂಡ ತಗ್ಗಿನ ಹೊಲದವರು ಒಂದು ಮಾತು ನೆನಪಿಡಬೇಕು. ನೆಲದೊಳಗಿನ ನೀರು ಐದಾರು ಅಡಿಗೆ ಬಂದು ನಿಂತರೆ ಉಪ್ಪೂ ಅದರ ಜೊತೆ ಮೇಲೇರುತ್ತದೆ. ಹಳೆಯ ವರದಿ ಸಾಲದು, ಹೊಸದಾಗಿ ಮಾಡಿಸಿ. ಹೊಲದ ಕೆಳ ಅಂಚಿನಲ್ಲಿ ಮೂರು ಅಡಿ ಆಳದ ಬಸಿಗಾಲುವೆ ತೆಗೆದು ಹಳ್ಳಕ್ಕೆ ಜೋಡಿಸಿ. ಪಕ್ಕದ ಹೊಲಕ್ಕೆ ಬಿಟ್ಟರೆ ಮುಂದಿನ ವರ್ಷ ಪಂಚಾಯ್ತಿ ಕಟ್ಟೆ ಹತ್ತಬೇಕಾಗುತ್ತದೆ!

ಮೇಲಿನ ಹೊಲದಿಂದ ಹರಿದು ಬರುವ ಮಳೆ ನೀರು ಮಾತ್ರ ಬಂಗಾರ. ಅದನ್ನು ಬದು ಕಟ್ಟಿ ಗಿಡದ ಪಾತಿಗೆ ತಿರುಗಿಸಿ.

ಹಂತ 3: ಯಾವ ಮರ

ಇಲ್ಲಿ ಆಸೆ ಬಿಡಬೇಕು. ಶ್ರೀನಿವಾಸಪುರದ ಮಾವಿನ ಹೆಸರು ಕೇಳಿ ಚೌಳಿನಲ್ಲಿ ಮಾವು ನೆಡುವವರಿದ್ದಾರೆ. ಮಾವು ಉಪ್ಪನ್ನು ತಡೆಯಲ್ಲ. ಎಲೆಯ ತುದಿ ಸುಟ್ಟು, ಎರಡನೇ ಬೇಸಿಗೆಗೆ ಒಣಗುತ್ತದೆ.

ಪಿಎಚ್ 10ರ ಆಸುಪಾಸಿನಲ್ಲಿದ್ದರೆ ಕರಿಜಾಲಿ, ಸರ್ವೆ. ಇವೆರಡು ಬಿಟ್ಟು ಬೇರೆ ಯೋಚಿಸಬೇಡಿ. 9ರಿಂದ 10ರ ನಡುವೆ ಇದ್ದರೆ ಹೊಂಗೆ, ಹೊಳೆಮತ್ತಿ, ಬಾಗೆ. 9ರ ಒಳಗಿದ್ದರೆ ಬೇವು, ಸಿಲ್ವರ್ ಓಕ್, ತೇಗ ಬರುತ್ತವೆ. ಶಿಡ್ಲಘಟ್ಟದ ಕಡೆಯವರು ಕೇಳುವ ಹಿಪ್ಪುನೇರಳೆಯೂ ಈ ಕೊನೆಯ ಸಾಲಿಗೇ ಸೇರುತ್ತದೆ, ಅದಕ್ಕಿಂತ ಮೇಲಾದರೆ ಬೇಡ. ಹಣ್ಣು ಬೇಕೇಬೇಕು ಅನ್ನುವವರಿಗೆ ಎಲಚಿ ಮೊದಲು, ಆಮೇಲೆ ನೆಲ್ಲಿ, ಸೀಬೆ. ಬರೀ ಉಪ್ಪಿನ ತೊಂದರೆ ಇರುವ ಕಡೆ ಸಪೋಟವೂ ಪರವಾಗಿಲ್ಲ.

ನನ್ನ ಆಯ್ಕೆ ಕೇಳಿದರೆ ನಡುವೆ ಕರಿಜಾಲಿ, ಅಂಚಿನಲ್ಲಿ ಹೊಂಗೆ. ಕರಿಜಾಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ಕಾಯಿ ಕುರಿ ಮೇಕೆಗೆ ಮೇವು, ಸೌದೆಗೆ ಬೆಲೆ ಇದೆ. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯುವುದು ನಮ್ಮಲ್ಲಿ ತಾತಂದಿರ ಕಾಲದಿಂದ ಇದೆ.

ಬಳ್ಳಾರಿ ಜಾಲಿ ವಿಷಯ ಸ್ವಲ್ಪ ಇಕ್ಕಟ್ಟಿನದು. ಹರಿಯಾಣದ ಕರ್ನಾಲ್‌ನಲ್ಲಿ 1969ರಿಂದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಇದೆ. ಕ್ಷಾರ ನೆಲದಲ್ಲಿ ಬೆಳೆದ ಮರಗಳನ್ನು ಅಲ್ಲಿ ಹೋಲಿಸಿದಾಗ ಮಣ್ಣು ಸುಧಾರಿಸುವುದರಲ್ಲಿ ಬಳ್ಳಾರಿ ಜಾಲಿ ಮೊದಲು, ಕರಿಜಾಲಿ ನಂತರ, ನೀಲಗಿರಿ ಹಿಂದೆ ಬಿತ್ತು. ಆದರೂ ನೆಡಿ ಅಂತ ನಾನು ಹೇಳಲ್ಲ. ನಮ್ಮ ಕೆರೆ ಅಂಗಳಗಳನ್ನೆಲ್ಲ ನುಂಗಿರುವ ಗಿಡ ಅದು. ತಾನಾಗಿ ಬೆಳೆದು ನಿಂತಿದ್ದರೆ ಜೆಸಿಬಿ ತಂದು ಒಂದೇ ದಿನಕ್ಕೆ ಕಿತ್ತುಹಾಕಬೇಡಿ, ಅಷ್ಟೇ. ಅದರ ಬುಡದ ಮಣ್ಣು ಸುತ್ತಲಿನದಕ್ಕಿಂತ ಚೆನ್ನಾಗಿರುತ್ತದೆ, ಮೊದಲ ಗುಂಡಿಗಳನ್ನು ಅಲ್ಲೇ ತೋಡಿ. ನೀಲಗಿರಿಯನ್ನಂತೂ ಹೊಸದಾಗಿ ನೆಡುವುದಕ್ಕೆ 2017ರಲ್ಲೇ ರಾಜ್ಯ ಸರ್ಕಾರ ತಡೆ ಹಾಕಿದೆ.

ಹಂತ 4: ಗುಂಡಿ

ಅರ್ಧ ಗೆಲುವು ಗುಂಡಿಯಲ್ಲೇ ಇದೆ. ಚೌಳು ನೆಲದಲ್ಲಿ ಎರಡು ಮೂರು ಅಡಿ ಕೆಳಗೆ ಸಾಮಾನ್ಯವಾಗಿ ಸುಣ್ಣಕಲ್ಲಿನ ಗಟ್ಟಿ ಪದರ ಸಿಗುತ್ತದೆ. ಹಾರೆ ಹಾಕಿದರೆ ಟಣ್ ಅನ್ನುತ್ತದೆ, ಬೂದು ಬಿಳುಪಿನ ಗಂಟುಗಂಟು ಹರಳು ಎದ್ದು ಬರುತ್ತದೆ. ಸಾಧಾರಣ ಒಂದೂವರೆ ಅಡಿ ಗುಂಡಿ ತೋಡಿ ನೆಟ್ಟರೆ ಗಿಡ ಎರಡು ವರ್ಷ ಚೆನ್ನಾಗಿ ಬಂದು, ಬೇರು ಈ ಪದರಕ್ಕೆ ತಾಗಿದ ವರ್ಷ ನಿಂತುಹೋಗುತ್ತದೆ. ಪದರ ಒಡೆಯಲೇಬೇಕು.

ಟ್ರ್ಯಾಕ್ಟರಿಗೆ ಹಾಕುವ ಗುಂಡಿ ತೋಡುವ ಆಗರ್ ಬಾಡಿಗೆಗೆ ಸಿಗುತ್ತದೆ. ಮೊದಲು ಗುದ್ದಲಿಯಲ್ಲಿ ಒಂದೂವರೆ ಅಡಿ ಚೌಕ, ಒಂದೂವರೆ ಅಡಿ ಆಳ ತೆಗೆಸಿ. ಅದರ ನಡುವೆ ಆಗರ್ ಇಳಿಸಿ, ಒಟ್ಟು ನಾಲ್ಕು ಅಡಿ ಆಳ ಮುಟ್ಟಬೇಕು. ಪದರ ಇನ್ನೂ ಕೆಳಗಿದ್ದರೆ ಅದನ್ನು ದಾಟುವ ತನಕ. ಆಗರ್ ತಿರುಗಿದ ಕಡೆ ಗುಂಡಿಯ ಒಳಗೋಡೆ ಸಾರಿಸಿದ ಹಾಗೆ ನುಣ್ಣಗಾಗುತ್ತದೆ, ಬೇರು ಅದನ್ನು ಸೀಳಲ್ಲ. ಹಾರೆಯಿಂದ ಸುತ್ತ ಕೆತ್ತಿ ಒರಟು ಮಾಡಿ. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದು.

ಸಾಲಿಂದ ಸಾಲಿಗೆ 5 ಮೀಟರ್, ಗಿಡದಿಂದ ಗಿಡಕ್ಕೆ 4 ಮೀಟರ್ ಕೊಟ್ಟರೆ ಎಕರೆಗೆ ಸುಮಾರು 200 ಗುಂಡಿ ಬರುತ್ತದೆ. ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ.

ಉಪ್ಪು ಮಣ್ಣಿಗೆ, ನೀರು ನಿಲ್ಲುವ ಜಾಗಕ್ಕೆ ಈ ಗುಂಡಿ ಬೇಡ. ಅಲ್ಲಿ ದಿಬ್ಬ ಎಬ್ಬಿಸಿ. ನೆಡುವಾಗ ದಿಬ್ಬದ ನೆತ್ತಿ ಬಿಟ್ಟು ಪಕ್ಕದ ಇಳಿಜಾರಿನಲ್ಲಿ ನೆಡಿ, ಏಕೆಂದರೆ ನೀರು ಆರುವಾಗ ಉಪ್ಪು ಹೋಗಿ ಕೂರುವುದು ನೆತ್ತಿಯಲ್ಲೇ.

ಹಂತ 5: ತುಂಬುವುದು, ಕಾಯುವುದು

ಒಂದು ಗುಂಡಿಗೆ ಜಿಪ್ಸಂ ಪುಡಿ 3 ಕಿಲೋ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 8ರಿಂದ 10 ಕಿಲೋ, ಜಿಂಕ್ ಸಲ್ಫೇಟ್ 10 ಗ್ರಾಂ. ಕ್ಷಾರ ಮಣ್ಣಿನಲ್ಲಿ ಸತು ಇದ್ದರೂ ಗಿಡಕ್ಕೆ ಸಿಗಲ್ಲ. ಗುಂಡಿಯದೇ ಮಣ್ಣಿಗೆ ಇವನ್ನು ಬೆರೆಸಿ ತುಂಬಿ. ಕಿತ್ತು ಬಂದ ಸುಣ್ಣದ ಹರಳು ಆರಿಸಿ ಹೊರಗೆ ಹಾಕಿ. ಜಿಪ್ಸಂ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯ್ತಿ ದರಕ್ಕೆ ಸಿಗುವುದುಂಟು, ವಿಚಾರಿಸಿ. ಹೊಲಕ್ಕೆಲ್ಲ ಹರಡುವುದಾದರೆ ಎಕರೆಗೆ ನಾಲ್ಕರಿಂದ ಆರು ಟನ್ ಬೇಕಾಗುತ್ತಿತ್ತು. ಗುಂಡಿಗೆ ಮಾತ್ರ ಅಂದರೆ 600 ಕಿಲೋ ಸಾಕು. ಬಡವರ ಲೆಕ್ಕಕ್ಕೆ ಮರ ಹೊಂದುವುದು ಇದಕ್ಕೇ.

ಕೆರೆ ಗೋಡು ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಬಹುದು, ಒಂದೆರಡು ಮಂಕರಿ. ಮೊದಲು ಅದಕ್ಕೂ ಲೋಟದ ಪರೀಕ್ಷೆ ಮಾಡಿ, ಕೆಲವು ಕೆರೆಯ ಗೋಡೇ ಚೌಳು. ಗುಂಡಿ ಪೂರ್ತಿ ಗೋಡು ತುಂಬಿದರೆ ಬೇರು ಅದರೊಳಗೇ ಸುತ್ತುತ್ತದೆ, ಆಚೆ ಬರಲ್ಲ. ಸುಣ್ಣ ಹಾಕಬೇಡಿ. ಒಲೆ ಬೂದಿಯೂ ಬೇಡ. ಬೂದಿ ಒಳ್ಳೆಯ ಗೊಬ್ಬರ ಅನ್ನೋ ಮಾತು ನಿಜ, ಆದರೆ ಅದೇ ಕ್ಷಾರ. ಕೋಳಿ ಗೊಬ್ಬರದಲ್ಲಿ ಉಪ್ಪು ಜಾಸ್ತಿ, ಅದೂ ಬೇಡ.

ಈಗ ಕಾಯಬೇಕು. ಒಂದು ಲೀಟರ್ ನೀರಿಗೆ ಕರಗುವುದು ಸುಮಾರು ಎರಡೂವರೆ ಗ್ರಾಂ ಜಿಪ್ಸಂ. ಮೂರು ಕಿಲೋ ಕರಗಲು 1,200 ಲೀಟರ್ ಬೇಕು. ಗುಂಡಿಯ ಸುತ್ತ ಐದು ಅಡಿ ಚೌಕದ ಪಾತಿ ಮಾಡಿದರೆ ಒಂದು ಮಿಲಿಮೀಟರ್ ಮಳೆಗೆ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಬೀಳುತ್ತದೆ. ಅಂದರೆ 500 ಮಿಲಿಮೀಟರ್ ದಾಟಿದ ಮಳೆ, ಪಾವಗಡದಂಥ ಕಡೆ ಹೆಚ್ಚುಕಡಿಮೆ ಒಂದು ವರ್ಷದ ಮಳೆಯೇ ಬೇಕು. ಅದಕ್ಕೇ ಪಾತಿ ದೊಡ್ಡದಿರಲಿ, ಹರಿದು ಬರುವ ನೀರೂ ಅದಕ್ಕೆ ಸೇರಲಿ ಅಂತ ಮೊದಲೇ ಹೇಳಿದ್ದು.

ಭರಣಿ, ಕೃತ್ತಿಕೆ ಮಳೆಗೆ ಮುಂಚೆ ಗುಂಡಿ ತುಂಬಿರಬೇಕು. ಮೇ ತಿಂಗಳ ಗುಡುಗು ಮಳೆ ಜಿಪ್ಸಂ ಕರಗಿಸುವ ಕೆಲಸ ಶುರು ಮಾಡುತ್ತದೆ. ನಮ್ಮ ಮೂರೂ ಜಿಲ್ಲೆಗೆ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಹಾಗಾಗಿ ಮೃಗಶಿರಕ್ಕೇ ಗಿಡ ನೆಟ್ಟು ಆಷಾಢದ ಗಾಳಿಗೆ ಒಣಗಿಸಿಕೊಳ್ಳುವ ಬದಲು ಮಘೆ, ಹುಬ್ಬೆಯವರೆಗೆ ತಡೆಯಿರಿ. ಉತ್ತರೆ, ಹಸ್ತ, ಚಿತ್ತೆ ಮಳೆ ಪೂರ್ತಿ ಸಿಗುತ್ತದೆ.

ಹಂತ 6: ನೆಡುವುದು

ಒಂದು ವರ್ಷ ದಾಟಿದ, ದೊಡ್ಡ ಚೀಲದ ಗಿಡ ತನ್ನಿ. ಮೊಳದುದ್ದದ ಎಳೆಗಿಡ ಚೌಳಿಗೆ ನಿಲ್ಲಲ್ಲ. ತಂದು ಎರಡು ಮೂರು ವಾರ ಹೊಲದ ಹತ್ತಿರವೇ ಇಟ್ಟು, ಮುಂದೆ ಕೊಡಲಿರುವ ನೀರನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿ. ಅರಣ್ಯ ಇಲಾಖೆ ನರ್ಸರಿಯಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಗಿಡ ತಂದರೆ, ಬದುಕಿದ ಗಿಡದ ಲೆಕ್ಕದಲ್ಲಿ ಮೂರು ವರ್ಷ ಪ್ರೋತ್ಸಾಹಧನ ಇದೆ. ಯಾವ ಜಾತಿಗೆ ಇದೆ ಅಂತ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಪಹಣಿ ಕೊಟ್ಟು ನೋಂದಣಿ ಮಾಡಿಸಿಕೊಳ್ಳಿ.

ನೆಡುವಾಗ ಚೀಲದ ಮಣ್ಣಿನ ಮಟ್ಟ ಪಾತಿಯ ಮಟ್ಟಕ್ಕಿಂತ ಒಂದೆರಡು ಇಂಚು ಮೇಲಿರಲಿ. ಕಾಂಡದ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ತಂಗಡಿ ಸೊಪ್ಪು, ಹೊಂಗೆ ಸೊಪ್ಪು, ರಾಗಿ ಹುಲ್ಲಿನ ಕಸ ಯಾವುದಿದೆಯೋ ಅದನ್ನು ಪಾತಿಗೆ ನಾಲ್ಕು ಇಂಚು ದಪ್ಪ ಮುಚ್ಚಿ. ಬರಿಮಣ್ಣು ಬಿಸಿಲಿಗೆ ಕಂಡರೆ ಉಪ್ಪು ಮೇಲೆ ಬಂತು ಅಂತಲೇ.

ಹಂತ 7: ಮೊದಲ ಎರಡು ಬೇಸಿಗೆ

ವಾರಕ್ಕೆ ಗಿಡವೊಂದಕ್ಕೆ 20 ಲೀಟರ್ ಕೊಟ್ಟರೆ ಎಕರೆಗೆ 4,000 ಲೀಟರ್, ಒಂದು ಟ್ಯಾಂಕರ್. ಕ್ಷಾರ ಮಣ್ಣಿಗೆ ಒಂದೇ ಸಲ ಸುರಿಯದೆ ಎರಡು ಸಲವಾಗಿ ಕೊಡಿ.

ಡ್ರಿಪ್ ಇರುವವರು ಒಂದು ಸೂಕ್ಷ್ಮ ತಿಳಿದಿರಬೇಕು. ಡ್ರಿಪ್ ನೀರು ಉಪ್ಪನ್ನು ತೇವದ ಅಂಚಿಗೆ ತಳ್ಳಿ ಇಟ್ಟಿರುತ್ತದೆ. ಸಣ್ಣ ತುಂತುರು ಮಳೆ ಬಂದಾಗ ಆ ಉಪ್ಪು ಕರಗಿ ವಾಪಸ್ ಬೇರಿನ ಕಡೆ ಹರಿಯುತ್ತದೆ. ಮಳೆ ಬಂತಲ್ಲ ಅಂತ ಡ್ರಿಪ್ ನಿಲ್ಲಿಸುವುದೇ ಗಿಡಕ್ಕೆ ಕುತ್ತು. ನೆಲ ಚೆನ್ನಾಗಿ ನೆನೆಯುವಂಥ ಮಳೆ ಬರುವ ತನಕ ಡ್ರಿಪ್ ನಡೆಯಲಿ. ನೋಡುವವರು ನಗುತ್ತಾರೆ, ನಗಲಿ.

ಗೊಬ್ಬರ ಕೊಡುವುದಿದ್ದರೆ ಯೂರಿಯಾ ಬದಲು ಅಮೋನಿಯಂ ಸಲ್ಫೇಟ್. ಸತ್ತ ಗಿಡದ ಜಾಗಕ್ಕೆ ಮುಂದಿನ ಮಳೆಗಾಲ ಮತ್ತೆ ನೆಡಿ, ಗುಂಡಿ ಹೇಗೂ ತಯಾರಿದೆ. ಒಂದೇ ಕಡೆ ಸಾಲಾಗಿ ಸತ್ತಿದ್ದರೆ ಮಾತ್ರ ಗಿಡ ತರುವ ಮುಂಚೆ ಆಗರ್ ಇಳಿಸಿ ಪದರ ಒಡೆದಿದೆಯಾ ನೋಡಿ.

ಇನ್ನು ಕುರಿ. ಚೌಳು ಜಾಗ ಯಾರೂ ಕೇಳದ ಜಾಗ ಅಂತ ಊರ ಮಂದೆಯೆಲ್ಲ ಅಲ್ಲೇ ಬರುತ್ತದೆ. ಕರಿಜಾಲಿ ಮುಳ್ಳಿನ ಬೇಲಿ ಹಾಕಿ, ಕುರಿ ಕಾಯುವವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. "ಅಣ್ಣಾ, ಮೂರು ವರ್ಷ ಬಿಡು, ಆಮೇಲೆ ಕಾಯಿ ನಿನ್ನ ಮೇಕೆಗೇ" ಅಂದರೆ ಬೇಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಹಂತ 8: ಸಾಲುಗಳ ನಡುವೆ

ಮರ ಗುಂಡಿಯ ಸುತ್ತ ಸರಿಮಾಡುತ್ತದೆ, ನಡುವಿನ ನೆಲಕ್ಕೆ ಬೇರೆ ಆಳು ಬೇಕು. ಮೊದಲ ವರ್ಷ ಗರಿಕೆ ಬಂದರೆ ಕೀಳಬೇಡಿ. ರೋಡ್ಸ್ ಹುಲ್ಲೂ ಕ್ಷಾರ ತಡೆಯುತ್ತದೆ, ಹಸುವಿಗೆ ಮೇವು. ಎರಡನೇ ವರ್ಷ ಮಳೆಗೆ ಡಯಾಂಚ (ಹಸಿರೆಲೆ ಗೊಬ್ಬರದ ಬೆಳೆ) ಎರಚಿ, 45 ದಿನಕ್ಕೆ ಹೂವಾಡುವ ಮುಂಚೆ ನೇಗಿಲು ಹೊಡೆದು ಮಣ್ಣಿಗೆ ಸೇರಿಸಿ. ಆಳವಾಗಿ ಉಳಬೇಡಿ, ಕೆಳಗಿನ ಕೆಟ್ಟ ಮಣ್ಣು ಮೇಲೆ ಬರುತ್ತದೆ.

ಹಂತ 9: ಮತ್ತೆ ಬೆಳೆ

ಮೊದಲು ಪರೀಕ್ಷೆಗೆ ಮಣ್ಣು ತೆಗೆದ ಜಾಗದಲ್ಲೇ, ಅದೇ ಆಳದಲ್ಲಿ, ಅದೇ ತಿಂಗಳಲ್ಲಿ ಎರಡು ವರ್ಷಕ್ಕೊಮ್ಮೆ ಮಣ್ಣು ತೆಗೆದು ಪರೀಕ್ಷೆ ಮಾಡಿಸಿ. ಬೇಸಿಗೆಯ ಅಂಕಿಗೂ ಮಳೆಗಾಲದ ಅಂಕಿಗೂ ಹೋಲಿಸಿದರೆ ಅರ್ಥವಿಲ್ಲ. ಅಂಕಿ ಬರುವ ಮುಂಚೆ ಕಣ್ಣಿಗೇ ಕಾಣುವ ಗುರುತೂ ಇದೆ. ಒಂದು ಅಡಿ ಗುಂಡಿ ತೋಡಿ ನೀರು ತುಂಬಿ. ಮೊದಲ ವರ್ಷ ಮಾರನೇ ಬೆಳಿಗ್ಗೆಯೂ ನಿಂತಿರುತ್ತಿದ್ದ ನೀರು ಸಂಜೆಯೊಳಗೆ ಇಂಗಿದರೆ ಕೆಲಸ ನಡೆಯುತ್ತಿದೆ.

ಐದಾರು ವರ್ಷಕ್ಕೆ ಮರದ ಸಾಲಿನ ಪಕ್ಕ ಎರಡು ಗುಂಟೆಯಲ್ಲಿ ರಾಗಿ ಚೆಲ್ಲಿ ನೋಡಿ. ಪೈರು ಒಂದೇ ಸಮ ಎದ್ದರೆ ಅಗಲ ಮಾಡಿ. ತೇಪೆತೇಪೆಯಾಗಿ ಹಳದಿ ತಿರುಗಿದರೆ ಆ ತೇಪೆಗಳನ್ನು ಇನ್ನೆರಡು ವರ್ಷ ಡಯಾಂಚಕ್ಕೇ ಬಿಡಿ. ಪಿಎಚ್ 10 ಇದ್ದ ನೆಲ ಪೂರ್ತಿ ಸರಿಹೋಗಲು ಹದಿನೈದು ಇಪ್ಪತ್ತು ವರ್ಷವೂ ಹಿಡಿಯಬಹುದು. ಅಷ್ಟರಲ್ಲಿ ಸೌದೆ, ಮೇವು, ಹೊಂಗೆ ಬೀಜ ಬರುತ್ತಿರುತ್ತದೆ.

ನೆರಳು ಜಾಸ್ತಿಯಾಗಿ ರಾಗಿ ಸೊರಗಿದರೆ ಒಂದು ಬಿಟ್ಟು ಒಂದು ಮರ ತೆಗೆಯಿರಿ. ಕಡಿಯುವ ಮುಂಚೆ ಅನುಮತಿ ಬೇಕಾ ಅಂತ ಅರಣ್ಯ ಕಚೇರಿಯಲ್ಲಿ ಕೇಳಿ. ನೆಲಮಟ್ಟಕ್ಕೆ ಕಡಿಯಿರಿ, ಬೊಡ್ಡೆ ಕೀಳಿಸಬೇಡಿ. ಸೌದೆ ಕೊಳ್ಳುವವರು ಬೊಡ್ಡೆಗೂ ದುಡ್ಡು ಕೊಡ್ತೀವಿ ಅಂತ ಜೆಸಿಬಿ ತರುತ್ತಾರೆ, ಒಪ್ಪಬೇಡಿ. ಗಟ್ಟಿ ಪದರ ಸೀಳಿಕೊಂಡು ಹೋದ ಬೇರು ಕೊಳೆತ ಮೇಲೂ ಆ ಕೊಳವೆಯಲ್ಲಿ ಮಳೆ ನೀರು ವರ್ಷಗಟ್ಟಲೆ ಇಳಿಯುತ್ತಿರುತ್ತದೆ.